ಗೋದಾಮು ಹೋಟೆಲ್ ಆದಾಗ: ಬೆಂಕಿ ಬಿದ್ದರೆ ಹೊಣೆ ಮಾಲೀಕನದೋ, ಬಾಡಿಗೆದಾರನದೋ?

ದೊಡ್ಡ ಬೆಂಕಿ ಅನಾಹುತ ನಡೆದ ಮರುದಿನದ ಸುದ್ದಿಯಲ್ಲಿ ಒಂದು ಸಾಲು ಬದಲಾಗುವುದೇ ಇಲ್ಲ. ‘ಕಟ್ಟಡದ ಮಾಲೀಕ ಹಾಗೂ ಬಾಡಿಗೆದಾರರ ವಿರುದ್ಧ ಪೊಲೀಸರು ಪ್ರಕರಣ ದಾಖಲಿಸಿಕೊಂಡಿದ್ದಾರೆ’ ಎಂಬುದು ಆ ಸಾಲು. ಊರು ಬದಲಾಗುತ್ತದೆ, ಸತ್ತವರ ಸಂಖ್ಯೆ ಬದಲಾಗುತ್ತದೆ. ಆದರೆ ‘ಹಾಗೂ’ ಎಂಬ ಪದದ ಆಚೀಚೆ ನಿಂತ ಇಬ್ಬರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಬೆಂಕಿ ಬೀಳುವ ಮೊದಲು ಯಾರೂ ಸರಿಯಾಗಿ ಬರೆದಿಟ್ಟಿರುವುದಿಲ್ಲ. ಬಿದ್ದ ಮೇಲೆ ಅದನ್ನು ತೀರ್ಮಾನಿಸಲು ಕೋರ್ಟುಗಳಿಗೆ ವರ್ಷಗಳೇ ಬೇಕಾಗುತ್ತವೆ.

ಸರಕು ಇಡಲು ಕಟ್ಟಿದ ಗೋದಾಮು, ನೂಲು ತೆಗೆಯಲು ಕಟ್ಟಿದ ಮಿಲ್ಲು, ಯಂತ್ರ ಕೂರಿಸಲು ಹಾಕಿದ ಶೆಡ್ಡು ಮುಂತಾದ ಕಡೆ ಈ ಗೊಂದಲ ಇನ್ನೂ ಹೆಚ್ಚು. ಮುಂಬೈನ ಲೋವರ್ ಪರೇಲ್‌ನಲ್ಲಿ ಜವಳಿ ಮಿಲ್ಲುಗಳಿದ್ದ ಜಾಗ ಈಗ ಕಚೇರಿ, ಪಬ್, ಸ್ಟುಡಿಯೋಗಳ ತಾಣ. ಪುಣೆ, ಬೆಂಗಳೂರು, ಚೆನ್ನೈಗಳಲ್ಲಿ ಹಳೆಯ ಶೆಡ್ಡುಗಳು ಬ್ರೂವರಿ, ಜಿಮ್, ಬ್ಯಾಡ್ಮಿಂಟನ್ ಕೋರ್ಟ್ ಆಗಿವೆ. ಹೈದರಾಬಾದ್, ದೆಹಲಿಗಳಲ್ಲಿ ಗೋದಾಮಿನ ಮೇಲಿನ ಮಹಡಿಯೇ ಕೂಲಿಕಾರರ ಮನೆ. ಎತ್ತರದ ಚಾವಣಿ, ಕಂಬಗಳಿಲ್ಲದ ವಿಶಾಲ ಜಾಗ, ಕಡಿಮೆ ಬಾಡಿಗೆ ಎಲ್ಲವೂ ಬಾಡಿಗೆದಾರನಿಗೆ ಅನುಕೂಲ. ಖಾಲಿ ಬಿದ್ದ ಕಟ್ಟಡಕ್ಕೆ ಆದಾಯ ಬರುವುದರಿಂದ ಮಾಲೀಕನಿಗೂ ಅನುಕೂಲ. ಒಳಗೆ ಬರುವ ಜನರಿಗೆ ಮಾತ್ರ ಆ ಕಟ್ಟಡ ತಮಗಾಗಿ ಕಟ್ಟಿದ್ದಲ್ಲ ಎಂಬುದು ಗೊತ್ತಿರುವುದಿಲ್ಲ.

ಮೂರು ನಗರ, ಒಂದೇ ಮೆಟ್ಟಿಲು

2022ರ ಮಾರ್ಚ್ 23ರ ನಸುಕಿನಲ್ಲಿ ಸಿಕಂದರಾಬಾದಿನ ಬೋಯಿಗುಡದ ಗುಜರಿ ಗೋದಾಮಿಗೆ ಬೆಂಕಿ ಬಿತ್ತು. ಕೆಳಗೆ ಬಾಟಲಿ, ಕಾಗದ, ಕೇಬಲ್ ರಾಶಿ. ಮೇಲೆ ಬಿಹಾರದಿಂದ ಬಂದ ಕಾರ್ಮಿಕರು ಮಲಗಿದ್ದರು. ಇಳಿಯಲು ಇದ್ದದ್ದು ಒಂದು ಸುರುಳಿ ಮೆಟ್ಟಿಲು, ಅದೂ ಗೋದಾಮಿನ ಒಳಗಿನಿಂದಲೇ. 11 ಮಂದಿ ಸತ್ತರು. ಒಬ್ಬ ಹೊರಗೆ ಹಾರಿ ಬದುಕಿದ.

ಎರಡು ತಿಂಗಳೂ ಕಳೆದಿರಲಿಲ್ಲ. ಮೇ 13ರಂದು ದೆಹಲಿಯ ಮುಂಡ್ಕಾದಲ್ಲಿ ಮೆಟ್ರೊ ಮಾರ್ಗದ ಪಕ್ಕದ ನಾಲ್ಕು ಮಹಡಿಯ ವಾಣಿಜ್ಯ ಕಟ್ಟಡ ಹೊತ್ತಿ ಉರಿದು 27 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಸಿಸಿಟಿವಿ ಕ್ಯಾಮೆರಾ, ರೂಟರ್ ಜೋಡಿಸುವ ಕಂಪನಿಯೊಂದು ಅಲ್ಲಿ ಬಾಡಿಗೆಗೆ ಇತ್ತು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಲಿಲ್ಲ, ಹೊರಬರಲು ಎರಡನೇ ದಾರಿ ಇರಲಿಲ್ಲ. ಕಂಪನಿ ನಡೆಸುತ್ತಿದ್ದ ಸಹೋದರರನ್ನು ಪೊಲೀಸರು ಮೊದಲು ಬಂಧಿಸಿದರು, ಕಟ್ಟಡದ ಮಾಲೀಕನನ್ನು ನಂತರ. ಮಾಲೀಕ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕುಟುಂಬದೊಂದಿಗೆ ವಾಸವಾಗಿದ್ದ. ಕೆಳಗೆ ಏನು ನಡೆಯುತ್ತಿತ್ತು ಎಂಬುದು ಗೊತ್ತಿರಲಿಲ್ಲ ಎನ್ನುವಂತಿರಲಿಲ್ಲ. ಆ ಮೆಟ್ಟಿಲು ಅವನ ಮನೆಯದೂ ಆಗಿತ್ತು.

ಮೂರನೆಯದು ಮುಂಬೈ ಕನ್ನಡಿಗರಿಗೆ ಹೆಚ್ಚು ನೆನಪಿರುವ ಪ್ರಕರಣ. 2017ರ ಡಿಸೆಂಬರ್ 29ರ ನಡುರಾತ್ರಿ ಕಳೆದ ಮೇಲೆ ಕಮಲಾ ಮಿಲ್ಸ್ ಕಂಪೌಂಡ್‌ನ ಮಾಳಿಗೆ ಮೇಲಿನ ರೆಸ್ಟೋರೆಂಟ್‌ಗಳಲ್ಲಿ ಬೆಂಕಿ ಹೊತ್ತಿ 14 ಮಂದಿ ಸತ್ತರು. ಹುಕ್ಕಾದ ಕೆಂಡದ ಕಿಡಿಯಿಂದ ಒಂದು ರೆಸ್ಟೋರೆಂಟ್‌ನಲ್ಲಿ ಹೊತ್ತಿದ ಬೆಂಕಿ ಪಕ್ಕದ ಇನ್ನೊಂದಕ್ಕೆ ಹಬ್ಬಿತು ಎಂದು ಅಗ್ನಿಶಾಮಕ ದಳದ ತನಿಖೆ ಹೇಳಿತು. ರೆಸ್ಟೋರೆಂಟ್ ಮಾಲೀಕರ ಜೊತೆಗೆ ಕಂಪೌಂಡ್‌ನ ಮಾಲೀಕರ ಬಂಧನವೂ ಆಯಿತು. ಪಾಲಿಕೆಯ ಅಧಿಕಾರಿಗಳು ಅಮಾನತಾದರು. ಬಾಂಬೆ ಹೈಕೋರ್ಟ್ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎ.ವಿ. ಸಾವಂತ್ ನೇತೃತ್ವದಲ್ಲಿ ಸಮಿತಿ ರಚಿಸಿತು. 2020ರಲ್ಲಿ ಸೆಷನ್ಸ್ ಕೋರ್ಟ್ ಕಂಪೌಂಡ್ ಮಾಲೀಕರನ್ನು ವಿಚಾರಣೆಗೆ ಮೊದಲೇ ಆರೋಪದಿಂದ ಕೈಬಿಟ್ಟಿತು.

ಮುಂಡ್ಕಾದಲ್ಲಿ ಮಾಲೀಕ ಮಹಡಿಯ ಮೇಲೆ ಇದ್ದ, ಬಾಡಿಗೆದಾರ ಒಬ್ಬನೇ. ಕಮಲಾ ಮಿಲ್ಸ್‌ನಂಥ ದೊಡ್ಡ ಕಂಪೌಂಡ್‌ನಲ್ಲಿ ಹತ್ತಾರು ಬಾಡಿಗೆದಾರರು, ಒಬ್ಬನ ಬಿದಿರು-ಬಟ್ಟೆಯ ಚಪ್ಪರ ಮತ್ತೊಬ್ಬನ ಗೋಡೆಗೆ ತಾಗಿಕೊಂಡಿರುತ್ತದೆ. ಬಾಡಿಗೆದಾರ ಬಾಗಿಲಿನಿಂದ ಒಳಗಿನದಕ್ಕೆ ಹೊಣೆ ಎಂದು ಒಪ್ಪಿದರೂ ಬಾಗಿಲಿನಿಂದ ಹೊರಗೆ, ಅಂದರೆ ಕಾರಿಡಾರ್, ಮೆಟ್ಟಿಲು, ಮಾಳಿಗೆಗೆ ಹೊಣೆ ಯಾರು? ಸಾಮಾನ್ಯ ಬುದ್ಧಿಗೆ ಉತ್ತರ ಸುಲಭ. ಕಾನೂನಿನ ಪುಸ್ತಕದಲ್ಲಿ ಅಷ್ಟು ಸುಲಭವಿಲ್ಲ.

10 ಜನರ ಜಾಗದಲ್ಲಿ 200 ಜನ

ಬಳಕೆ ಬದಲಾಗುವುದು ಎಂದರೆ ಬೋರ್ಡು ಬದಲಾಗುವುದಷ್ಟೇ ಅಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಕಟ್ಟಡಗಳನ್ನು ಬಳಕೆಗೆ ತಕ್ಕಂತೆ ವಿಂಗಡಿಸುತ್ತದೆ. ವಾಸದ ಮನೆ, ಶಾಲೆ, ಜನ ಸೇರುವ ಸಭಾಂಗಣ, ಕಚೇರಿ, ಅಂಗಡಿ, ಕಾರ್ಖಾನೆ, ಗೋದಾಮು ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ. ಗೋದಾಮಿನಲ್ಲಿ 30 ಚದರ ಮೀಟರ್‌ಗೆ ಒಬ್ಬ ವ್ಯಕ್ತಿ ಎಂದು ಸಂಹಿತೆ ಎಣಿಸುತ್ತದೆ. ಊಟದ ಹಾಲ್‌ನಲ್ಲಿ ಒಂದೂವರೆ ಚದರ ಮೀಟರ್‌ಗೆ ಒಬ್ಬ.

ಲೆಕ್ಕ ಹಾಕಿದರೆ ಅಂತರ ಕಣ್ಣಿಗೆ ಹೊಡೆಯುತ್ತದೆ. 300 ಚದರ ಮೀಟರ್‌ನ ಒಂದು ಗೋದಾಮು. ಅದರ ಬಾಗಿಲು, ಮೆಟ್ಟಿಲುಗಳ ಅಗಲವನ್ನು ತೀರ್ಮಾನಿಸಿದ್ದು 10 ಜನ ಒಳಗಿರುತ್ತಾರೆ ಎಂದುಕೊಂಡು. ಅದೇ ಜಾಗ ರೆಸ್ಟೋರೆಂಟ್ ಆದ ದಿನ 200 ಜನ ಒಳಗಿರಬಹುದು. ಡ್ಯಾನ್ಸ್ ಫ್ಲೋರ್ ಹಾಕಿದರೆ ಸಂಖ್ಯೆ ಇನ್ನೂ ಮೇಲೆ. ಗೋಡೆ ಅದೇ, ಚಾವಣಿ ಅದೇ, ಬಾಗಿಲೂ ಅದೇ. ಗೋದಾಮಿನಲ್ಲಿ ಕೆಲಸ ಮಾಡುವವನಿಗೆ ದಾರಿ ಗೊತ್ತಿರುತ್ತದೆ, ಎಚ್ಚರವಾಗಿರುತ್ತಾನೆ. ಶನಿವಾರ ರಾತ್ರಿ ಮೊದಲ ಬಾರಿಗೆ ಬಂದ ಗ್ರಾಹಕನಿಗೆ ಶೌಚಾಲಯದ ದಾರಿಯೂ ಗೊತ್ತಿರುವುದಿಲ್ಲ. ಕಮಲಾ ಮಿಲ್ಸ್‌ನಲ್ಲಿ ಹಲವರು ಶೌಚಾಲಯದಲ್ಲೇ ಸಿಕ್ಕಿಕೊಂಡು ಸತ್ತದ್ದು ಇದಕ್ಕೆ ಸಾಕ್ಷಿ.

ಇನ್ನೊಂದು ಮಾತು. ಗೋದಾಮಿಗೆ ಕಿಟಕಿ ಕಡಿಮೆ, ಇದ್ದರೂ ಕಳ್ಳರ ಭಯಕ್ಕೆ ಕಬ್ಬಿಣದ ಜಾಲರಿ. ಸರಕಿಗೆ ಅದು ರಕ್ಷಣೆ, ಮನುಷ್ಯರಿಗೆ ಪಂಜರ. 2019ರ ಡಿಸೆಂಬರ್ 8ರಂದು ದೆಹಲಿಯ ಅನಾಜ್ ಮಂಡಿಯಲ್ಲಿ ವಾಸದ ಕಟ್ಟಡದಲ್ಲಿ ನಡೆಯುತ್ತಿದ್ದ ಬ್ಯಾಗು, ಟೋಪಿಗಳ ಕಾರ್ಖಾನೆಗಳಲ್ಲಿ 43 ಮಂದಿ ಸತ್ತಾಗ ರಕ್ಷಣಾ ಸಿಬ್ಬಂದಿ ಒಳಹೋಗಲು ಜಾಲರಿ ಕತ್ತರಿಸಬೇಕಾಯಿತು. ಅಲ್ಲಿ ಮನೆ ಕಾರ್ಖಾನೆ ಆಗಿತ್ತು, ಕಾರ್ಖಾನೆಯೇ ಮತ್ತೆ ಮಲಗುವ ಮನೆಯೂ ಆಗಿತ್ತು.

ಎರಡನೇ ಮೆಟ್ಟಿಲು ಕಟ್ಟುವುದು, ಗೋಡೆ ಒಡೆದು ತುರ್ತು ಬಾಗಿಲು ಇಡುವುದು, ನೀರಿನ ಟ್ಯಾಂಕ್ ಮತ್ತು ಪಂಪ್ ಕೂರಿಸುವುದು ಬಾಡಿಗೆದಾರನ ಕೈಯಲ್ಲಿರುವ ಕೆಲಸವಲ್ಲ. ಮಾಲೀಕನ ಒಪ್ಪಿಗೆ ಇಲ್ಲದೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೇ ಹೇಳುತ್ತದೆ. ಮೆಟ್ಟಿಲ ಮೇಲೆ ಪೆಟ್ಟಿಗೆ ಪೇರಿಸದಿರುವುದು, ತುರ್ತು ಬಾಗಿಲಿಗೆ ಬೀಗ ಹಾಕದಿರುವುದು, ಸಿಲಿಂಡರ್ ಎಲ್ಲಿಡಬೇಕೋ ಅಲ್ಲೇ ಇಡುವುದು, ಸಿಬ್ಬಂದಿಗೆ ತರಬೇತಿ ಕೊಡುವುದು ಬಾಡಿಗೆದಾರನಿಗೆ ಬಿಟ್ಟರೆ ಬೇರೆಯವರಿಗೆ ಸಾಧ್ಯವಿಲ್ಲ. ಹೊಣೆಯನ್ನು ಹಂಚುವ ಗೆರೆ ಇಲ್ಲೇ ಇದೆ ಎಂದು ಕಾಣುತ್ತದೆ. ಯಾವುದನ್ನು ಮಾಡುವ ಅಧಿಕಾರ ಯಾರಿಗಿದೆಯೋ ಅದಕ್ಕೆ ಅವರೇ ಹೊಣೆ. ಆದರೆ ನಮ್ಮ ಬಾಡಿಗೆ ಕರಾರುಗಳು ಬರೆಯುವುದು ಬೇರೆಯದನ್ನೇ.

‘ಎಲ್ಲ ಪರವಾನಗಿಯೂ ಬಾಡಿಗೆದಾರನ ಜವಾಬ್ದಾರಿ’

ವಾಣಿಜ್ಯ ಬಾಡಿಗೆ ಕರಾರುಗಳಲ್ಲಿ ಕಣ್ಣುಮುಚ್ಚಿ ಸೇರಿಸುವ ಸಾಲಿದು. ಎಲ್ಲ ಪರವಾನಗಿ, ಸುರಕ್ಷತೆ, ದಂಡ, ದಾವೆ ಬಾಡಿಗೆದಾರನಿಗೆ. ಬಾಡಿಗೆ ಮಾತ್ರ ಮಾಲೀಕನಿಗೆ. ಇಬ್ಬರ ನಡುವಿನ ಹಣದ ಲೆಕ್ಕಕ್ಕೆ ಈ ಸಾಲು ಉಪಯೋಗಕ್ಕೆ ಬಂದೀತು. ಸತ್ತ ಮೂರನೆಯವನಿಗೆ ಇದು ಅನ್ವಯಿಸುವುದಿಲ್ಲ, ಏಕೆಂದರೆ ಅವನು ಆ ಕರಾರಿಗೆ ಸಹಿ ಹಾಕಿರಲಿಲ್ಲ.

ಮಹಾರಾಷ್ಟ್ರದ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿಯೇ ಇದೆ. 2006ರ ಅಗ್ನಿ ತಡೆ ಮತ್ತು ಜೀವರಕ್ಷಣಾ ಕ್ರಮಗಳ ಕಾಯ್ದೆಯ ಮೂರನೇ ಕಲಮು ಅಗ್ನಿ ಸುರಕ್ಷತಾ ವ್ಯವಸ್ಥೆ ಒದಗಿಸುವ ಹೊಣೆಯನ್ನು ಮೊದಲು ಹೊರಿಸುವುದು ಮಾಲೀಕನ ಮೇಲೆ. ಮಾಲೀಕ ಪತ್ತೆಯಾಗದಿದ್ದರೆ ಮಾತ್ರ ಜಾಗದಲ್ಲಿರುವವನ ಮೇಲೆ. ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂದು ಪರವಾನಗಿ ಪಡೆದ ಏಜೆನ್ಸಿಯಿಂದ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈನಲ್ಲಿ, ಪ್ರಮಾಣಪತ್ರ ಸಲ್ಲಿಸಬೇಕು. ಇಲ್ಲಿ ಕಾಯ್ದೆ ‘ಮಾಲೀಕ ಅಥವಾ ಬಳಕೆದಾರ’ ಎನ್ನುತ್ತದೆ. ‘ಅಥವಾ’ ಬಂದ ಕೂಡಲೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲು ಶುರು ಮಾಡುತ್ತಾರೆ.

ದೆಹಲಿಯ 2010ರ ಅಗ್ನಿ ಸೇವಾ ನಿಯಮಗಳ ಪ್ರಕಾರ ಎಲ್ಲ ಮಹಡಿ ಸೇರಿ 250 ಚದರ ಮೀಟರ್‌ಗಿಂತ ಹೆಚ್ಚಿನ ಗೋದಾಮು, ಕಾರ್ಖಾನೆಗಳಿಗೆ ಅಗ್ನಿ ಸುರಕ್ಷತಾ ಪ್ರಮಾಣಪತ್ರ ಬೇಕು. ಅದಕ್ಕಿಂತ ಸಣ್ಣ ಜಾಗ ನಿಯಮದ ಆಚೆ ಉಳಿಯುತ್ತದೆ. ದೊಡ್ಡ ಶೆಡ್ಡನ್ನು ತುಂಡು ಮಾಡಿ ಬೇರೆ ಬೇರೆಯವರಿಗೆ ಕೊಟ್ಟಾಗ ‘ನನ್ನ ಪಾಲು ಅಷ್ಟು ದೊಡ್ಡದಿಲ್ಲ’ ಎನ್ನುವ ವಾದ ಹುಟ್ಟುವುದು ಇಲ್ಲಿಂದಲೇ. ನಿಯಮ ಲೆಕ್ಕ ಹಾಕುವುದು ಇಡೀ ಕಟ್ಟಡವನ್ನು, ಅದನ್ನು ತುಂಡು ಮಾಡಿದ್ದು ಮಾಲೀಕ.

ಇನ್ನು 140 ವರ್ಷ ಹಳೆಯ ಆಸ್ತಿ ವರ್ಗಾವಣೆ ಕಾಯ್ದೆ. ಅದರಲ್ಲಿ ಬೆಂಕಿಯ ಪ್ರಸ್ತಾಪ ಇದೆ, ಆದರೆ ಬೇರೆ ಕಾರಣಕ್ಕೆ. ಬೆಂಕಿಯಿಂದ ಸ್ವತ್ತಿನ ಮುಖ್ಯ ಭಾಗ ನಾಶವಾಗಿ ಬಳಕೆಗೆ ಬಾರದಂತಾದರೆ ಬಾಡಿಗೆದಾರ ಗುತ್ತಿಗೆಯನ್ನು ರದ್ದೆಂದು ಪರಿಗಣಿಸಬಹುದು, ತಪ್ಪು ಅವನದೇ ಆಗಿರದಿದ್ದರೆ. ಕಾನೂನಿಗೆ ಆಗ ಚಿಂತೆ ಇದ್ದದ್ದು ಬಾಡಿಗೆಯದು. ಆದರೂ ಅದೇ ಕಲಮಿನ ಮೊದಲ ಮಾತು ಇಂದಿಗೂ ಕೆಲಸಕ್ಕೆ ಬರುತ್ತದೆ. ಬಾಡಿಗೆದಾರ ಬಳಸಲಿರುವ ಉದ್ದೇಶಕ್ಕೆ ಸಂಬಂಧಪಟ್ಟಂತೆ ಸ್ವತ್ತಿನಲ್ಲಿ ತನಗೆ ಗೊತ್ತಿರುವ, ಅವನಿಗೆ ಸುಲಭವಾಗಿ ಕಾಣದ ಮುಖ್ಯ ದೋಷವಿದ್ದರೆ ಮಾಲೀಕ ಅದನ್ನು ತಿಳಿಸಲೇಬೇಕು. ಹೋಟೆಲಿಗೆಂದು ಕೊಡುವಾಗ ‘ಇದು ನಕ್ಷೆಯಲ್ಲಿ ಗೋದಾಮು’ ಎಂದು ಹೇಳದಿರುವುದು ಇದರೊಳಗೆ ಬರಬೇಕಲ್ಲವೇ?

ಕ್ರಿಮಿನಲ್ ಹೊಣೆಯ ಬಗ್ಗೆ ಸುಪ್ರೀಂ ಕೋರ್ಟ್‌ನ ದಾರಿ ತೋರುವ ತೀರ್ಪು ಉಪಹಾರ್ ಚಿತ್ರಮಂದಿರದ್ದು. 1997ರ ಜೂನ್ 13ರಂದು 59 ಮಂದಿ ಸತ್ತ ಆ ಪ್ರಕರಣದಲ್ಲಿ, ಲೈಸೆನ್ಸ್ ಯಾರ ಹೆಸರಲ್ಲಿದೆ ಎಂಬುದಕ್ಕಿಂತ ಜಾಗದ ನಿಯಂತ್ರಣ ವಾಸ್ತವದಲ್ಲಿ ಯಾರ ಕೈಯಲ್ಲಿತ್ತು ಎಂಬುದನ್ನು 2014ರಲ್ಲಿ ಕೋರ್ಟ್ ಪರಿಶೀಲಿಸಿತು. ನಿಯಂತ್ರಣ ಇದ್ದವನಿಗೆ ಎಚ್ಚರ ವಹಿಸುವ ಕರ್ತವ್ಯವೂ ಇದೆ ಎಂದಿತು. ಅದಕ್ಕೆ ಮೊದಲು, 2011ರಲ್ಲಿ, ಪರಿಹಾರದ ಮೊತ್ತದಲ್ಲಿ ಶೇ 85ನ್ನು ಲೈಸೆನ್ಸ್‌ದಾರ ಕಂಪನಿಯೂ ಶೇ 15ನ್ನು ದೆಹಲಿ ವಿದ್ಯುತ್ ಮಂಡಳಿಯೂ ಕೊಡಬೇಕೆಂದು ಅದೇ ಕೋರ್ಟ್ ಹೇಳಿತ್ತು. ನಗರಪಾಲಿಕೆಗೆ ಹೊಣೆ ಹೊರಿಸಲಿಲ್ಲ.

‘ನಿಯಂತ್ರಣ’ ಎಂಬ ಈ ಅಳತೆಗೋಲು ಚಿತ್ರಮಂದಿರಕ್ಕೆ ಸರಿಹೊಂದಿತು. ಬಾಡಿಗೆಗೆ ಕೊಟ್ಟ ಗೋದಾಮಿನಲ್ಲಿ ಅದು ಮಾಲೀಕನಿಗೆ ಅನುಕೂಲವಾಗಿ ತಿರುಗುತ್ತದೆ. ‘ಕೀಲಿ ಅವರ ಕೈಯಲ್ಲಿತ್ತು, ನನ್ನದೇನಿದ್ದರೂ ಬಾಡಿಗೆ’ ಎಂದರೆ ಆಯಿತು. 2024ರ ಜುಲೈ 27ರಂದು ದೆಹಲಿಯ ಹಳೆ ರಾಜಿಂದರ್ ನಗರದಲ್ಲಿ ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತಾಗಲೂ ನೆಲಮಾಳಿಗೆಯ ಸಹ ಮಾಲೀಕರು ಇದೇ ವಾದ ಮುಂದಿಟ್ಟರು. ಅಲ್ಲಿ ಬೆಂಕಿಯಲ್ಲ, ನೀರು. ಆದರೆ ಕಾಗದದಲ್ಲಿ ದಾಸ್ತಾನಿಗೆಂದು ಇದ್ದ ಜಾಗ ಗ್ರಂಥಾಲಯ ಆಗಿತ್ತು ಎಂಬುದು ಗೋದಾಮುಗಳ ಕತೆಯೇ.

11 ತಿಂಗಳ ಲೆಕ್ಕಾಚಾರ

ಸುರಕ್ಷತೆಗೆ ಯಾರೂ ಹಣ ಹಾಕದಿರುವುದಕ್ಕೆ ದುರಾಸೆ ಒಂದೇ ಕಾರಣವಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು ಎಂಬ ನಿಯಮ ತಪ್ಪಿಸಲು ದೇಶದ ಹಲವೆಡೆ ಕರಾರು 11 ತಿಂಗಳಿಗೆ ಆಗುತ್ತದೆ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದವನು ಲಕ್ಷಾಂತರ ರೂಪಾಯಿ ಸುರಿದು ಬೇರೆಯವನ ಕಟ್ಟಡಕ್ಕೆ ಕಬ್ಬಿಣದ ಮೆಟ್ಟಿಲು ಕಟ್ಟಿಸುವುದಿಲ್ಲ. ಹೋಟೆಲ್ ಬೇಕೆಂದವನು ಅವನು, ಖರ್ಚು ಅವನೇ ಮಾಡಲಿ ಎಂದು ಮಾಲೀಕ ಕೈಕಟ್ಟಿ ಕೂರುತ್ತಾನೆ. ಒಳಾಂಗಣಕ್ಕೆ ಮಾತ್ರ ಹಣ ಹರಿಯುತ್ತದೆ. ಫಾಲ್ಸ್ ಸೀಲಿಂಗ್, ಫೋಮ್, ಪ್ಲಾಸ್ಟಿಕ್ ಹಸಿರು ಬಳ್ಳಿ. ಗ್ರಾಹಕನನ್ನು ಸೆಳೆಯುವುದು ಇವೇ, ಮೊದಲು ಹೊತ್ತಿಕೊಳ್ಳುವುದೂ ಇವೇ.

ಮುಂಬೈ, ಪುಣೆಗಳಲ್ಲಿ ಹೋಟೆಲ್ ಉದ್ಯಮದಲ್ಲಿರುವ ಕರಾವಳಿ ಕನ್ನಡಿಗರಿಗೆ ಪರಿಚಿತವಾದ ‘ಕಂಡಕ್ಟಿಂಗ್’ ಪದ್ಧತಿ ಇದನ್ನು ಇನ್ನಷ್ಟು ಜಟಿಲ ಮಾಡುತ್ತದೆ. ಲೈಸೆನ್ಸ್ ಒಬ್ಬರ ಹೆಸರಿನಲ್ಲಿ, ನಡೆಸುವವರು ಇನ್ನೊಬ್ಬರು, ಕಟ್ಟಡ ಮೂರನೆಯವರದು. ಅಡುಗೆಮನೆಯಲ್ಲಿ ಬೆಂಕಿ ಕಂಡರೆ ಪೊಲೀಸರು ಮೊದಲು ಹಿಡಿಯುವುದು ಗಲ್ಲಾದ ಹಿಂದೆ ಕೂತವನನ್ನು. ಕಾಗದದಲ್ಲಿ ಹೆಸರಿಲ್ಲದ ಕಾರಣ ಅಗ್ನಿಶಾಮಕ ಇಲಾಖೆಗೆ ಅರ್ಜಿ ಹಾಕುವ ಅಧಿಕಾರವೂ ಅವನಿಗೆ ಇರುವುದಿಲ್ಲ.

ವಿದ್ಯುತ್ ಮೀಟರ್ ಕೂಡ ಇದೇ ಜಾತಿಯದು. ಸಂಪರ್ಕ ಮಾಲೀಕನ ಹೆಸರಿನಲ್ಲಿ, ಮಂಜೂರಾದ ಲೋಡ್ ಗೋದಾಮಿನ ನಾಲ್ಕು ದೀಪ, ಎರಡು ಫ್ಯಾನಿಗೆ. ಬಾಡಿಗೆದಾರ ಅದರ ಮೇಲೆ ಎಸಿ, ಓವನ್, ಫ್ರೀಜರ್ ಹೇರುತ್ತಾನೆ. ಲೋಡ್ ಹೆಚ್ಚಿಸಬೇಕೆಂದರೆ ಮಾಲೀಕನ ಸಹಿ ಬೇಕು, ಬಳಕೆ ಏನೆಂದು ಬರೆಯಬೇಕು. ಬರೆದರೆ ಪಾಲಿಕೆಗೆ ಗೊತ್ತಾಗುತ್ತದೆ. ಹಾಗಾಗಿ ಬರೆಯುವುದೇ ಇಲ್ಲ. ಮುಂದೆ ‘ಶಾರ್ಟ್ ಸರ್ಕ್ಯೂಟ್’ ಎಂದು ಪಂಚನಾಮೆಯಲ್ಲಿ ಬರೆಯುವಾಗ ಈ ಹಿಂದಿನ ಕತೆಗೆ ಜಾಗ ಇರುವುದಿಲ್ಲ.

ಓಕ್‌ಲ್ಯಾಂಡ್‌ನಲ್ಲೂ ಉತ್ತರ ಸಿಗಲಿಲ್ಲ

ಇದು ಭಾರತದ ಅಶಿಸ್ತಿನ ಸಮಸ್ಯೆ ಮಾತ್ರ ಎನ್ನುವವರು ಅಮೆರಿಕದ ‘ಘೋಸ್ಟ್ ಶಿಪ್’ ಪ್ರಕರಣ ನೋಡಬೇಕು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನ ಎರಡು ಮಹಡಿಯ ಗೋದಾಮು ಅದು. ಡೆರಿಕ್ ಅಲ್ಮೆನಾ ಎಂಬಾತ 2013ರಲ್ಲಿ ಬಾಡಿಗೆಗೆ ಹಿಡಿದು ಕಲಾವಿದರಿಗೆ ಒಳಬಾಡಿಗೆಗೆ ಕೊಟ್ಟ. ದುಬಾರಿ ನಗರದಲ್ಲಿ ಬೇರೆಲ್ಲೂ ಮನೆ ಸಿಗದವರು ಅಲ್ಲಿ ವಾಸಕ್ಕೆ ಬಂದರು. ವಾಸಕ್ಕಾಗಲಿ ಸಂಗೀತ ಕಾರ್ಯಕ್ರಮಕ್ಕಾಗಲಿ ಅನುಮತಿ ಇರಲಿಲ್ಲ. ಸ್ಪ್ರಿಂಕ್ಲರ್ ಇರಲಿಲ್ಲ. ವಿದ್ಯುತ್ ಬರುತ್ತಿದ್ದದ್ದು ಪಕ್ಕದ ಕಟ್ಟಡದಿಂದ ಎಳೆದ ತಂತಿಯಲ್ಲಿ. 2016ರ ಡಿಸೆಂಬರ್ 2ರ ರಾತ್ರಿ ಕಾರ್ಯಕ್ರಮ ನಡೆಯುತ್ತಿದ್ದಾಗ ಬೆಂಕಿ ಬಿದ್ದು 36 ಮಂದಿ ಸತ್ತರು.

ಅಲ್ಮೆನಾ ಮತ್ತು ಅವನ ಸಹಾಯಕ ಮ್ಯಾಕ್ಸ್ ಹ್ಯಾರಿಸ್ ಮೇಲೆ ತಲಾ 36 ಸಾವಿನ ಆರೋಪ ಬಂತು. 2019ರಲ್ಲಿ ಜ್ಯೂರಿ ಹ್ಯಾರಿಸ್‌ನನ್ನು ಖುಲಾಸೆ ಮಾಡಿತು, ಅಲ್ಮೆನಾ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ. 2021ರಲ್ಲಿ ಅವನೇ ತಪ್ಪೊಪ್ಪಿಕೊಂಡ. ಕಟ್ಟಡದ ಮಾಲೀಕರ ಮೇಲೆ ಕ್ರಿಮಿನಲ್ ಮೊಕದ್ದಮೆ ದಾಖಲಾಗಲೇ ಇಲ್ಲ. ಆದರೆ ನಮ್ಮಲ್ಲಿ ಕಾಣದ ಒಂದು ಸಂಗತಿ ಅಲ್ಲಿ ನಡೆಯಿತು. 2020ರಲ್ಲಿ ಓಕ್‌ಲ್ಯಾಂಡ್ ನಗರಾಡಳಿತ, ತಪ್ಪನ್ನು ಒಪ್ಪಿಕೊಳ್ಳದೆಯೇ, ಸಂತ್ರಸ್ತರಿಗೆ 3.27 ಕೋಟಿ ಡಾಲರ್ ಕೊಡಲು ರಾಜಿಯಾಯಿತು. ಉಪಹಾರ್‌ನಲ್ಲಿ ದೆಹಲಿ ಪಾಲಿಕೆ ಪರಿಹಾರದ ಹೊಣೆಯಿಂದ ಪಾರಾದದ್ದನ್ನು ಇದರ ಪಕ್ಕ ಇಟ್ಟು ನೋಡಬಹುದು. ತನಿಖಾಧಿಕಾರಿಗೆ ಅಮಾನತಿನ ಭಯ ಆರು ತಿಂಗಳದ್ದು. ಪಾಲಿಕೆಯ ಬೊಕ್ಕಸಕ್ಕೆ ಕೈ ಬಿದ್ದರೆ ಮಾತ್ರ ಇಡೀ ಇಲಾಖೆ ಎಚ್ಚರಗೊಳ್ಳುತ್ತದೆ.

ಬ್ರಿಟನ್ ಬೇರೆ ದಾರಿ ಹಿಡಿದಿದೆ. ಅಲ್ಲಿನ 2005ರ ಅಗ್ನಿ ಸುರಕ್ಷತಾ ಆದೇಶ ಪ್ರತಿ ಕೆಲಸದ ಜಾಗಕ್ಕೂ ಒಬ್ಬ ‘ಹೊಣೆಗಾರ ವ್ಯಕ್ತಿ’ ಇರಬೇಕೆನ್ನುತ್ತದೆ. ಉದ್ಯೋಗದಾತನೂ ಹೊಣೆಗಾರ, ಸಾಮಾನ್ಯ ಜಾಗಗಳ ಮೇಲೆ ಹಿಡಿತವಿರುವ ಮಾಲೀಕನೂ ಹೊಣೆಗಾರ. 2023ರ ಅಕ್ಟೋಬರ್‌ನಿಂದ ಒಂದೇ ಕಟ್ಟಡದಲ್ಲಿ ಹಲವು ಹೊಣೆಗಾರರಿದ್ದರೆ ಅವರು ಪರಸ್ಪರ ಗುರುತಿಸಿಕೊಂಡು, ಯಾರ ಪಾಲು ಎಲ್ಲಿಯವರೆಗೆ ಎಂದು ಬರೆದಿಡಬೇಕಾಗಿದೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಇಲಾಖೆ ಬೇಡ. ಒಂದು ಕಾಗದ ಸಾಕು. ನಮ್ಮಲ್ಲಿ ಅಗ್ನಿಶಾಮಕ ಸೇವೆ ರಾಜ್ಯಗಳ ಕೈಯಲ್ಲಿರುವುದರಿಂದ ಯಾವ ರಾಜ್ಯವಾದರೂ ಇದನ್ನು ತನ್ನ ಕಾಯ್ದೆಗೆ ಸೇರಿಸಬಹುದು. ‘ಮಾಲೀಕ ಅಥವಾ ಬಳಕೆದಾರ’ ಎಂಬಲ್ಲಿ ‘ಮಾಲೀಕ ಮತ್ತು ಬಳಕೆದಾರ’ ಎಂದಾದರೂ ಅರ್ಧ ಕೆಲಸ ಮುಗಿದಂತೆ.

ಮಾಲೀಕರಿಗೆ ಸಾವಿನ ಸುದ್ದಿಗಿಂತ ಬೇಗ ನಾಟುವ ವಿಷಯ ಬಹುಶಃ ವಿಮೆ. ಸಾಮಾನ್ಯ ಬೆಂಕಿ ವಿಮೆಯ ಷರತ್ತುಗಳಲ್ಲಿ, ಕಟ್ಟಡದ ಬಳಕೆಯ ಸ್ವರೂಪ ಬದಲಾಗಿ ಅಪಾಯ ಹೆಚ್ಚಿದರೆ, ಕಂಪನಿಯ ಒಪ್ಪಿಗೆ ಪಡೆಯದ ಹೊರತು ವಿಮೆ ನಿಂತುಹೋಗುತ್ತದೆ ಎಂದಿರುತ್ತದೆ. ಗೋದಾಮು ಎಂದು ಪ್ರೀಮಿಯಂ ಕಟ್ಟಿ ಪಬ್‌ಗೆ ಬಾಡಿಗೆ ಕೊಟ್ಟವನ ಪಾಲಿಸಿ ಬೆಂಕಿ ಬಿದ್ದ ದಿನ ಬರೀ ಕಾಗದ. ಕಟ್ಟಡವೂ ಹೋಯಿತು, ಪರಿಹಾರವೂ ಇಲ್ಲ.

ಶಿಕ್ಷೆಯ ಪ್ರಮಾಣವೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಜೈಲು ಎನ್ನುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡೇ ವರ್ಷ ಇತ್ತು. ಆದರೆ ಯಾರ ನಿರ್ಲಕ್ಷ್ಯ ಎಂಬುದನ್ನು ಸಾಬೀತು ಮಾಡಲು ಅದೇ ಹಳೆಯ ಕಾಗದಗಳನ್ನೇ ನೋಡಬೇಕು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯ, ಮಾಡಿಸದಿದ್ದರೆ ಹೊಣೆ ಮಾಲೀಕನದು. ನೋಂದಣಿಯ ವೇಳೆ ಗುರುತಿನ ಚೀಟಿ, ಸ್ಟ್ಯಾಂಪ್ ಶುಲ್ಕ, ಹೆಬ್ಬೆಟ್ಟಿನ ಗುರುತು ಎಲ್ಲವನ್ನೂ ಪಡೆಯುತ್ತಾರೆ. ಆ ಕಟ್ಟಡದ ಜನವರಿ ಅಥವಾ ಜುಲೈ ತಿಂಗಳ ಅಗ್ನಿ ಸುರಕ್ಷತಾ ಪ್ರಮಾಣಪತ್ರದ ಪ್ರತಿಯನ್ನೂ, ನಕ್ಷೆಯಲ್ಲಿ ಮಂಜೂರಾದ ಬಳಕೆ ಯಾವುದು ಎಂಬ ಒಂದು ಸಾಲನ್ನೂ ಅಲ್ಲೇ ಕೇಳಿದರೆ, ಗೋದಾಮನ್ನು ಹೋಟೆಲಿಗೆ ಕೊಡುವ ಮಾಲೀಕ ಸಹಿ ಹಾಕುವ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತಾನೆ. ಅದನ್ನು ಹಿಡಿಯುವ ಹೋಟೆಲಿನವನೂ ಅಲ್ಲೇ ಇರುತ್ತಾನೆ.